ಒಂದು ರೊಟ್ಟಿ ಬೇಯುವಷ್ಟು ಹೊತ್ತು

ಹಂಡೆ ಹೋದರೂ ಅದರ ಮಸಿ ಗೋಡೆ ಬಿಟ್ಟಿಲ್ಲ, ಗುಂಡಗೆ ಹಾಗೇ ಕೂತಿದೆ, ಕಲ್ಲವ್ವ ಬಚ್ಚಲಮನೆಯ ಬಾಗಿಲಿಗೆ ಒರಗಿ ಅದನ್ನೇ ನೋಡುತ್ತಾಳೆ — ಸುತ್ತಿಗೆಯ ಪೆಟ್ಟಿಗೆ ಎದ್ದ ಹಳೆ ಸುಣ್ಣದ ವಾಸನೆ, ಅದರೊಳಗೆಲ್ಲೋ ಸೀಗೆಪುಡಿಯ ವಾಸನೆ, ಇದೆಲ್ಲಿಂದ ಬಂತು, ಅತ್ತೆ ಮಾನವ್ವ ಹೋಗಿ ಹತ್ತು ವರ್ಷ, ಆಮೇಲೆ ಈ ಮನೆಗೆ ಸೀಗೆಪುಡಿ ಯಾರು ತಂದಿದ್ದಾರೆ — ನಳ ಕೂಡಿಸುವ ಆಶಿಕನ ಕೈಯ ಅಳತೆ ಟೇಪು ಸರ್ರನೆ ಒಳಗೆ ಸೇರಿಕೊಳ್ಳುತ್ತದೆ, ಟಬ್ ಆದರ ಈ ಗ್ವಾಡಿಗುಂಟ ಬರ್ತದ್ರಿ ಅವ್ವಾರ, ಶವರ್ ಆದರ ಆ ಮೂಲಿಗೆ, ಯಾವುದಂತ ಹೇಳಿಬಿಟ್ಟರ ಕೊರ್ಯಾಕ ಸುರು ಮಾಡ್ತೀನಿ. ಹೇಳಬೇಕಾದವಳು ತಾನೇ, ಇಷ್ಟೆಲ್ಲ ಒಡೆಯುತ್ತಿರುವುದೇ ತನ್ನ ಮೊಣಕಾಲಿನ ಸಲುವಾಗಿ, ಗದಗಿನಲ್ಲಿ ಆಪರೇಷನ್ ಆದಾಗ ಡಾಕ್ಟರು ಖಡಕ್ಕಾಗಿ ಹೇಳಿದ್ದರು, ಇನ್ನು ಬಚ್ಚಲುಕಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂಡುವಂತಿಲ್ಲ. ಗಂಡ ಈಶಪ್ಪನಿಗಂತೂ ಟಬ್ಬಿನ ಹುಚ್ಚು, ಹುಬ್ಬಳ್ಳಿಯ ಮದುವೆಗೆ ಹೋದಾಗ ಲಾಡ್ಜಿನ ಟಬ್ಬಿನಲ್ಲಿ ಒಂದು ತಾಸು ಮಲಗಿ ಎದ್ದು ಬಂದವನು ಗಜೇಂದ್ರಗಡದ ಬಜಾರಿನಲ್ಲಿ ತನ್ನ ಅರಿವೆ ಅಂಗಡಿಗೆ ಬಂದವರಿಗೆಲ್ಲ ಸೀರೆ ತೋರಿಸುವುದು ಬಿಟ್ಟು ಟಬ್ಬಿನ ಪುರಾಣ ಹೇಳುತ್ತಾನೆ, ಕಾಲು ಚಾಚಿ ಮಲಕೊಂಡ್ರ ನೋವೆಲ್ಲ ನೀರಾಗ ಕರಗಿ ಹೋಗ್ತದ ನೋಡ, ಸರಿ, ಮಲಗಿದವಳನ್ನು ಎಬ್ಬಿಸುವವರು ಯಾರು — ನಾ ಅದೀನಲ್ರಿ ಅತ್ತಿ, ಅಂದವಳು ಶ್ವೇತಾ, ಸೊಸೆ, ದಿನಾ ರಾಜೂರಿನ ಶಾಲೆಯಲ್ಲಿ ಕಲಿಸಿ ಬಂದು ದಣಿಯುವವಳು, ಟಬ್ಬಿನ ದಂಡಿ ದಾಟಾಕ ಕೈ ಹಿಡೀತೀನಿ, ಬೆನ್ನಿಗೆ ನೀರು ಹಾಕ್ತೀನಿ, ನಿಮಗ ಯಾತರ ಚಿಂತಿ.

ಖರೆ ಮನಸ್ಸಿನಿಂದಲೇ ಅಂದಿದ್ದಳು, ಶ್ವೇತಾ ಒಳ್ಳೆಯವಳು, ಅದೇ ಕಲ್ಲವ್ವನಿಗೆ ಅಂಜಿಕೆ, ಯಾಕೆಂದರೆ ನಾನೂ ಒಳ್ಳೆಯವಳೇ ಇದ್ದೆ, ಹನ್ನೊಂದು ವರ್ಷ ಸೋಮವಾರಕ್ಕೊಮ್ಮೆ ಅತ್ತೆಯ ತಲೆಗೆ ಎರೆದೆ, ಸೊಸಿ ಅಂದ್ರ ಕಲ್ಲವ್ವ ಅಂತ ಓಣಿಗೆ ಓಣಿಯೇ ಹೊಗಳುತ್ತಿತ್ತು, ಓಣಿಯವರು ಬಚ್ಚಲಮನೆಯೊಳಗೆ ಬಂದು ನೋಡಿದ್ದರೇ — ಅದೊಂದು ಸೋಮವಾರ ನೀರು ಆರಿದೆ ಅಂದಳು ಮಾನವ್ವ, ಬಿಸಿ ಬೆರೆಸಿದರೆ ಸುಡುತ್ತದೆ ಅಂದಳು, ನಿಮ್ಮ ಪುರ್ತಗೇರ್ಯಾಗ ನೀರು ಕಾಸೂದು ಸೈತ ಕಲಿಸಿಲ್ಲೇನ, ತವರಿನ ಹೆಸರು ಬಂದದ್ದೇ ಮೈ ಉರಿಯಿತು, ಕಲ್ಲವ್ವ ಸೀಗೆಪುಡಿ ಹಚ್ಚಿ ತಲೆ ತುಂಬ ತಿಕ್ಕಿ, ಹಣೆಯಿಂದ ಇಳಿದ ನೊರೆಗೆ ಮುದುಕಿ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಾಗ ತಂಬಿಗೆಯನ್ನು ಆ ಕಡೆ ಇಟ್ಟು ಎದ್ದು ಅಡಿಗೆಮನೆಗೆ ನಡೆದಳು. ಒಂದು ರೊಟ್ಟಿ ಬಡಿದಳು, ಹಂಚಿಗೆ ಹಾಕಿದಳು, ನೀರು ಸವರಿದಳು, ಮಗ್ಗಲು ತಿರುವಿದಳು, ಅದು ಉಬ್ಬುವ ತನಕ ನಿಂತಳು, ಮರೆತು ಅಲ್ಲ, ಬೇಕಂತಲೇ. ತಿರುಗಿ ಬಂದರೆ — ಮುದುಕಿ ಕೂಗಿಲ್ಲ, ಒಂದು ಸಲ ಕಲ್ಲವ್ವಾ ಅಂದಿದ್ದರೆ ಓಡಿ ಬರುತ್ತಿದ್ದೆ, ಅಂದಿಲ್ಲ, ಮುಚ್ಚಿದ ಕಣ್ಣಿನಿಂದ ನೀರು ಸುರಿಯುತ್ತಿದೆ, ಕೈ ಒಂದು ಮುಂದೆ ಚಾಚಿದೆ, ಐದೂ ಬೆರಳು ಬಿಚ್ಚಿ ಗಾಳಿಯಲ್ಲಿ ತಂಬಿಗೆ ಹುಡುಕುತ್ತಿದೆ. ಕಾಲುಂಗುರದ ಸಪ್ಪಳಕ್ಕೆ ಮುಖ ಎತ್ತಿ ಅಂದದ್ದು ಇಷ್ಟೇ, ಬಂದಿಯೇನವಾ. ಬೈಯಲಿಲ್ಲ, ಮಗನಿಗೆ ಹೇಳಲಿಲ್ಲ, ಬೈದಿದ್ದರೆ ಅವತ್ತಿಗೇ ಮುಗಿಯುತ್ತಿತ್ತು, ಆದರೆ ಮುಂದಿನ ಸೋಮವಾರದಿಂದ ಸಾಯುವ ತನಕ ಎರೆಸಿಕೊಳ್ಳುವಾಗ ಸೊಸೆಯ ಸೀರೆಯ ಅಂಚನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಕೂಡುತ್ತಿದ್ದಳು.

ಅವ್ವಾರ, ಅಂದು ಆಶಿಕ ಕಾಯುತ್ತಿದ್ದಾನೆ, ಶ್ವೇತಾ ಚಹಾ ಹಿಡಿದು ಬಂದು ಪಕ್ಕದಲ್ಲಿ ನಿಂತಿದ್ದಾಳೆ, ಶವರ್ ಹಾಕಪಾ, ಕಲ್ಲವ್ವನ ಬಾಯಿಂದ ಬಂದೇಬಿಟ್ಟಿತು, ಕುಂತಲ್ಲಿಂದ ನಳ ನನ್ನ ಕೈಗೆ ಸಿಗಬೇಕ ನೋಡ, ಕಣ್ಣ ಮುಚ್ಚಿದ್ರೂ ಸಿಗಬೇಕ. ಶ್ವೇತಾಳ ಮುಖ ಸಣ್ಣದಾಯಿತು, ನನ್ನ ಮೇಲೆ ಅತ್ತೆಗೆ ಭರವಸೆ ಇಲ್ಲ ಅಂದುಕೊಂಡಳೋ ಏನೋ, ನಿನ್ನ ಮ್ಯಾಲ ಸಂಶಯ ಇಲ್ಲ ತಂಗಿ ಎನ್ನಬೇಕು, ಅಂದರೆ ಉಳಿದದ್ದನ್ನೂ ಹೇಳಬೇಕಾಗುತ್ತದೆ, ಇಂಥ ಇಪ್ಪತ್ತು ಬಚ್ಚಲು ಕಟ್ಟಿಸಿದರೂ ಅದು ಬಾಯಿಗೆ ಬರುವ ಮಾತಲ್ಲ. ಆಶಿಕ ಪ್ಲಾಸ್ಟಿಕ್ ಕುರ್ಚಿ ತಂದು ಮೂಲೆಗೆ ಇಟ್ಟ, ಕುಂತು ಕೈ ಚಾಚ್ರಿ ಅವ್ವಾರ, ಎಲ್ಲಿಗೆ ಬರ್ತದ ಅಲ್ಲೇ ಗುರ್ತು ಹಾಕ್ತೀನಿ, ಕಲ್ಲವ್ವ ಕೂತಳು, ಕಣ್ಣು ಮುಚ್ಚಿದಳು, ಕೈ ಚಾಚಿದಳು, ಹಾಂ ಹಂಗ ಹಿಡೀರಿ, ತಗೀಬ್ಯಾಡ್ರಿ, ಪೆನ್ಸಿಲ್ ಹೊರಗ ಬಿಟ್ಟೀನಿ, ಲಗೂ ಬಂದೆ — ಹೆಜ್ಜೆ ದೂರ ಹೋದವು, ಕತ್ತಲೆ, ಮತ್ತೆ ಅದೇ ಸೀಗೆಯ ವಾಸನೆ, ಎಷ್ಟು ಹೊತ್ತಾಯಿತು, ರೊಟ್ಟಿ ಒಂದು ಮಗ್ಗಲು ಬೆಂದಿರಬೇಕು, ತಿರುವಿರಬೇಕು, ಇನ್ನೂ ಉಬ್ಬಿಲ್ಲವೇ, ಯಾರದೋ ಕಾಲಿನ ಸಪ್ಪಳ, ಆಶಿಕನದೋ ಶ್ವೇತಾಳದೋ, ಬಂದಿಯೇನವಾ, ತನ್ನ ಬಾಯಿಂದಲೇ ಬಂತು — ಗಾಳಿಯಲ್ಲಿ ಚಾಚಿದ ಕೈ, ಬಿಚ್ಚಿದ ಐದು ಬೆರಳು.