ಗೋಡೆಯಲ್ಲಿ ಕೂಡಿಟ್ಟ ಕಾವು

ನಿಜಾಮರ ಕಾಲದ ಮಾತು. ಹುಮನಾಬಾದಿಗೆ ಕುರಿ ಮಾರಲು ಹೋದ ಪಂಡರಿ ಅಲ್ಲೊಂದು ರೊಟ್ಟಿಭಟ್ಟಿಯ ಗೋಡೆಗೆ ಬೆನ್ನು ಹಚ್ಚಿ ಕೂತ. ಬೆಂಕಿ ಆರಿ ಎಷ್ಟೋ ಹೊತ್ತಾಗಿದ್ದರೂ ಕಲ್ಲು ಇನ್ನೂ ಬೆಚ್ಚಗಿತ್ತು. ಮಂಠಾಳಕ್ಕೆ ಮರಳಿದವನು ತನ್ನ ಒಲೆ ನೋಡಿ ಹಣೆ ಚಚ್ಚಿಕೊಂಡ. ಹೆಂಡತಿ ಭೀಮಬಾಯಿ ದಿನಾ ಸಂಜೆ ಇಪ್ಪತ್ತು ರೊಟ್ಟಿ ಬಡಿಯುತ್ತಾಳೆ, ಅಷ್ಟು ಕಾವೂ ಗಾಳಿಪಾಲು!

ಒಲೆಯ ಹಿಂದಿದ್ದುದು ಪಾಲಿನ ಗೋಡೆ. ಐದು ವರ್ಷದ ಹಿಂದೆ ಅಣ್ಣ ಮಡೆಪ್ಪನೊಡನೆ ಜಗಳವಾಗಿ, ಮನೆ ಎರಡು ಹೋಳಾದಾಗ ಎಬ್ಬಿಸಿದ್ದು. ಅಂದಿನಿಂದ ಅಣ್ಣತಮ್ಮಂದಿರಿಗೆ ಮಾತಿಲ್ಲ. ಪಂಡರಿ ಆ ಗೋಡೆಯ ಮಣ್ಣು ತೋಡಿ, ಒಲೆಯ ಉರಿ ತಾಗುವಂತೆ ಒಳಗೆಲ್ಲ ಕರಿಗಲ್ಲು ತುಂಬಿದ. ಕೂಡಿಟ್ಟ ಕಾವು ಸೋರಬಾರದೆಂದು ತನ್ನ ಕಡೆ ಒಲೆಯ ಮೇಲಿನ ಗೋಡೆಗೆ ಹೊಟ್ಟು ಕಲಸಿದ ಮಣ್ಣನ್ನು ಗೇಣು ದಪ್ಪ ಮೆತ್ತಿದ.

"ಆ ಕಡೀನೂ ಮೆತ್ತಬೇಕಲ್ರಿ?" ಎಂದಳು ಭೀಮಬಾಯಿ.

"ಅವನ ಹೊಸ್ತಲಾ ತುಳೀಬೇಕೇನು ನಾನು? ಸತ್ತರೂ ಆಗಂಗಿಲ್ಲ!"

ಮಾಗಿಯ ಚಳಿ ಬಂತು. ಊಟವಾದ ಮೇಲೆ ಪಂಡರಿ ದಿನವೂ ಗೋಡೆಗೆ ಅಂಗೈ ಒತ್ತಿ ನೋಡುತ್ತಿದ್ದ. ಗೋಡೆ ತಣ್ಣಗಿರುತ್ತಿತ್ತು. ಕಾವೆಲ್ಲ ಒಳಗೇ ಭದ್ರವಾಗಿದೆಯೆಂದು ಹಿಗ್ಗಿ, ಎರಡು ಕಂಬಳಿ ಹೊದ್ದು, ನಡುಗುತ್ತ ಮಲಗುತ್ತಿದ್ದ.

ಒಂದು ಸಂಜೆ ಭೀಮಬಾಯಿಗೆ ಜ್ವರ ಬಂದು ಒಲೆ ಹಚ್ಚಲಿಲ್ಲ. ಮರುದಿನ ಬೆಳಗಾಗುತ್ತಲೇ ಗೋಡೆಯಾಚೆಯಿಂದ ಐದು ವರ್ಷಗಳಿಂದ ಕೇಳದ ದನಿ ಕೇಳಿಸಿತು:

"ತಮ್ಮಾ, ನಿನ್ನೆ ಯಾಕ ಒಲಿ ಹಚ್ಚಲಿಲ್ಲೋ? ಇಲ್ಲಿ ನಾವು ಥಂಡಿಗೆ ಗಡಗಡ ನಡಗಾಕತ್ತೇವಿ!"