ಅಂಗೈಯಗಲದ ಬರಿಬಟ್ಟೆ

ದೋಣಿಗಳಿಗೆ ಬಣ್ಣ ಬಳಿಯುವುದರಲ್ಲಿ ನಲವತ್ತು ವರ್ಷ ಸವೆಸಿದ ಆತನಿಗೆ ಗುರುಮುಖದಿಂದ ಬಂದ ನಿಯಮ ಒಂದೇ: ಉಗುರಿನಷ್ಟು ಮರವೂ ಬರಿದಾಗಿ ಉಳಿಯಕೂಡದು. ಉಳಿದಲ್ಲಿ ನೀರು ಹೊಕ್ಕು, ಹಲಗೆ ಕೊಳೆತು, ಏರಿದವರ ಪ್ರಾಣಕ್ಕೆ ಎರವಾಗುತ್ತದೆ.

ಆತನ ಹೆಂಡತಿಯೂ ಬಣ್ಣದವಳೇ. ಆದರೆ ಆಕೆಯ ಮಾರ್ಗ ಬೇರೆ. ಬಾಗಿಲಿನಷ್ಟು ದೊಡ್ಡ ಬಟ್ಟೆಯನ್ನು ಒಳಕೋಣೆಯ ಗೋಡೆಗೆ ಬಿಗಿದು, ಅದರ ಮುಂದೆ ಕಣ್ಮುಚ್ಚಿ ಬಹಳ ಹೊತ್ತು ಕೂರುವಳು. ಕಡಲದಂಡೆಯ ನೆನಪು ಕೈಗಿಳಿದ ಮೇಲೆ ಎದ್ದು, ಗೆರೆ ಹಾಕದೆ, ಅಳತೆ ನೋಡದೆ ಬಳಿಯತೊಡಗುವಳು. ಅಲೆ, ದೋಣಿ, ಹಕ್ಕಿ ಯಾವುದೂ ಅಲ್ಲಿ ಗುರುತಿಗೆ ಸಿಗುತ್ತಿರಲಿಲ್ಲ. ಬೂದಿ, ಕಂದು, ಮಾಸಿದ ಹಸಿರು ಒಂದರೊಳಗೊಂದು ಇಳಿದಿರುತ್ತಿದ್ದವು. ಒಮ್ಮೆ ಬಂದ ನಾದಿನಿ, “ಅತ್ತಿಗೆ, ಇದು ಚಿತ್ರಾನಾ, ಕೈ ಒರೆಸಿದ ಬಟ್ಟೆನಾ?” ಎಂದು ಕೆಣಕಿದ್ದಳು.

“ಎರಡೂ ಕಣಮ್ಮ,” ಎಂದಿದ್ದಳು ಈಕೆ.

ಹನ್ನೊಂದು ವರ್ಷಗಳಿಂದ ಆಕೆ ಬರೆಯುತ್ತಿದ್ದುದು ಒಂದೇ ಸಂಜೆಯನ್ನು. ಅಂದು ಅವರ ಒಬ್ಬಳೇ ಮಗಳು ದಂಡೆಯಲ್ಲಿ ಆಡುತ್ತಿದ್ದಳು. ತಾಯಿ ಚಪ್ಪಲಿಯ ಮರಳು ಕೊಡವಿ ತಲೆಯೆತ್ತುವಷ್ಟರಲ್ಲಿ ದಂಡೆ ಬರಿದಾಗಿತ್ತು. ದೇವರು ಕೊಟ್ಟದ್ದನ್ನು ಕಡಲು ಒಯ್ದಿತು, ದೇಹವನ್ನೂ ಮರಳಿಸಲಿಲ್ಲ.

ಈ ಸಲದ ಚಿತ್ರ ಮುಗಿಯುವ ಹೊತ್ತಿಗೆ ಆಕೆಯ ಬೆರಳುಗಳಿಗೆ ನಡುಕ ಹತ್ತಿತ್ತು. ಇದೇ ಕಡೆಯದೆಂಬುದನ್ನು ಇಬ್ಬರೂ ಬಲ್ಲರು. ವೈದ್ಯರನ್ನು ಕಾಣಹೋದವಳು ಎರಡು ದಿನ ಅಕ್ಕನ ಮನೆಯಲ್ಲಿ ಉಳಿದಳು. ಕೋಣೆ ಗುಡಿಸಲು ಹೋದ ಗಂಡ ನೋಡುತ್ತಾನೆ: ಚಿತ್ರದ ಕೆಳಗೆ, ಬಲಕ್ಕೆ, ಅಂಗೈಯಗಲ ಬಟ್ಟೆ ಬಣ್ಣವಿಲ್ಲದೆ ಉಳಿದಿದೆ. ಕೈ ಸೋತು ಬಿಟ್ಟಿದ್ದಾಳೆಂದುಕೊಂಡನು. ಬರಿದಾಗಿ ಕಂಡದ್ದನ್ನು ಹಾಗೆಯೇ ಬಿಟ್ಟು ಹೋಗಲು ಆತನ ಕೈಗೆ ಬಾರದು. ಆಕೆಯ ಬಟ್ಟಲಲ್ಲೇ ಬಣ್ಣ ಬೆರೆಸಿ, ಅಕ್ಕಪಕ್ಕದ ಛಾಯೆಗೂ ಇದಕ್ಕೂ ಕೂದಲೆಳೆಯಷ್ಟೂ ಭೇದ ಬಾರದಂತೆ, ಉಸಿರು ಹಿಡಿದು ಮುಚ್ಚಿದನು. ಆಯುಷ್ಯದಲ್ಲಿ ಅಷ್ಟು ಒಳ್ಳೆಯ ಕೆಲಸವನ್ನು ಆತ ಮಾಡಿರಲಿಲ್ಲ.

ಮರಳಿದವಳು ಕೈಚೀಲವನ್ನೂ ಇಳಿಸದೆ ಒಳಕೋಣೆಗೆ ನಡೆದಳು. ಆತ ಹಿಂದೆಯೇ ಹೋಗಿ, ಮೆಚ್ಚುಗೆಯ ಮಾತಿಗಾಗಿ ಕಾಯುತ್ತ ನಿಂತನು.

“ರೀ, ಇಲ್ಲೊಂದು ಜಾಗ ಖಾಲಿ ಇತ್ತಲ್ಲ.”

“ನಿನ್ನ ಕೈಲಿ ಆಗಲಿಲ್ಲವೇನೋ ಅಂತ ನಾನೇ ತುಂಬಿಸಿದೆ ಕಣೇ.”

ಆಕೆ ಬಯ್ಯಲಿಲ್ಲ. ನೆಲದ ಮೇಲೆ ಕುಳಿತು ಮೆಲ್ಲಗೆ ತಿಳಿಸಿದಳು: ಮಗಳು ನಿಂತಿದ್ದ ಜಾಗಕ್ಕೆ ಬಂದಾಗಲೆಲ್ಲ ತನ್ನ ಕೈ ಹೆದರಿ ಅದನ್ನು ಮುಚ್ಚಿಬಿಡುತ್ತಿತ್ತು, ಹನ್ನೊಂದು ವರ್ಷ ಹೀಗೇ ಆಯಿತು, ಈ ಸಲ ಮಾತ್ರ ಕೈ ತಾನಾಗಿಯೇ ಸುತ್ತ ಹಾದು, ಅವಳನ್ನು ನಿಲ್ಲಗೊಟ್ಟಿತ್ತು.

ಆತನ ಮುಖ ಕಪ್ಪಿಟ್ಟಿತು. ಬೇರೆ ಬಟ್ಟೆ ಬಿಗಿದುಕೊಡುವೆನೆಂದನು; ಅಷ್ಟು ಜಾಗ ಬಿಟ್ಟು ಬರೆದರಾಯಿತಲ್ಲವೇ ಎಂದನು.

“ಬೇಕು ಅಂತ ಬಿಟ್ರೆ ಅದು ಬರೀ ಬಟ್ಟೆ ಕಣ್ರೀ. ಅವಳು ಅಲ್ಲಿರಲ್ಲ.”

ಹಾಗಾದರೆ ಕೆರೆದು ತೆಗೆಯುವೆನೆಂದು ತೆಳುವಾದ ಅಲಗನ್ನು ತಂದನು. ಆಕೆ ಬೇಡವೆನ್ನಲಿಲ್ಲ, ಆ ಖಾಲಿ ಜಾಗದ ಅಂಚು ಎಲ್ಲಿತ್ತೆಂದು ಮಾತ್ರ ಕೇಳಿದಳು. ಆತ ಬಾಗಿ ಬೆರಳಿಟ್ಟನು, ಅಲ್ಲವೆಂದು ತುಸು ಮೇಲಕ್ಕೆ ಸರಿಸಿದನು, ಮತ್ತೆ ಎಡಕ್ಕೆ. ಬೂದಿಬಣ್ಣ ಎಲ್ಲೆಡೆಯೂ ಒಂದೇ ಆಗಿತ್ತು. ಕಿಟಕಿಯನ್ನು ಪೂರ್ತಿ ತೆರೆದು ನೋಡಿದನು. ಕಡೆಗೆ ಅಲಗನ್ನು ನೆಲಕ್ಕಿಟ್ಟು, ಎರಡೂ ಅಂಗೈಗಳಿಂದ ಬಟ್ಟೆಯನ್ನು ತಡವತೊಡಗಿದನು. ಆಕೆ ಎದ್ದು ಬಂದು, ನಡುಗುವ ಬೆರಳುಗಳನ್ನು ಆತನ ಕೈಯ ಪಕ್ಕದಲ್ಲಿಟ್ಟು, ತಾನೂ ಹುಡುಕಿದಳು.