ಖಾಲಿ ಕಾಂಡಿ

ಇಚಲಕರಂಜಿಯ ಶಹಾಪುರದಲ್ಲಿ ಕರೆಂಟು ಹೋದದ್ದು ತಮ್ಮಣ್ಣನಿಗೆ ತಿಳಿಯುತ್ತಿದ್ದುದು ಅಂಗಾಲಿನಿಂದ. ರವಿವಾರ ಮಧ್ಯಾಹ್ನ ಊಟ ಮುಗಿಸಿ ಗೋಡೆಗೆ ಒರಗಿ ಕೂತಿದ್ದಾಗ ನೆಲದ ನಡುಕ ಒಮ್ಮೆಲೇ ಅಡಗಿತು. ಸುತ್ತಲಿನ ಶೆಡ್ಡುಗಳ ಮಗ್ಗಗಳೆಲ್ಲ ನಿಂತವೆಂದು ಅವನು ಅರಿತ. ಇಂಥ ಹೊತ್ತಿನಲ್ಲಿ ಓಣಿಯ ಕೂಸುಗಳು ಎಚ್ಚರಾಗಿ ಅಳುತ್ತವೆ. ಮಗ್ಗದ ಸಪ್ಪಳದಲ್ಲೇ ಹುಟ್ಟಿ ಬೆಳೆದವಕ್ಕೆ ಸಪ್ಪಳವಿಲ್ಲದೆ ನಿದ್ದೆ ಎಲ್ಲಿಂದ ಬರಬೇಕು? ತಮ್ಮಣ್ಣನಿಗೆ ಮಾತ್ರ ಆಗಲೂ ಒಂದೇ, ಈಗಲೂ ಒಂದೇ. ಕಿಟಕಿಯ ಬಿಸಿಲಿನಲ್ಲಿ ಹತ್ತಿಯ ಎಳೆಗಳು ಕೆಳಗಿಳಿಯುವ ಮನಸ್ಸೇ ಇಲ್ಲದೆ ತೇಲುತ್ತಿದ್ದವು. ಅವನ್ನು ನೋಡುತ್ತ ನೋಡುತ್ತ ಅವನಿಗೆ ಮಂಪರು ಹತ್ತಿತು.

ಅವನ ಕಿವಿ ಮಂದವಾಗಿ ಐದು ವರ್ಷ. ಈ ಗುಟ್ಟು ಒಂದು ನರಪಿಳ್ಳೆಗೂ ಗೊತ್ತಿರಲಿಲ್ಲ. ಗೊತ್ತಾಗುವುದಾದರೂ ಹೇಗೆ? ಶೆಡ್ಡಿನೊಳಗೆ ಕಿವಿ ನೆಟ್ಟಗಿದ್ದವರೂ ತುಟಿ ನೋಡಿ, ಕೈಸನ್ನೆ ಮಾಡಿಯೇ ಮಾತಾಡುತ್ತಾರೆ. ಮನೆಗೆ ಬಂದರೆ ತಾಯಿ ಹೌಸಾಬಾಯಿಯ ಪಿಸುಮಾತೂ ಮೂರು ಮನೆ ದಾಟಿ ಕೇಳಿಸುವಂಥದ್ದು. ಕೇಳಿಸದ ಮಾತಿಗೆ ತಮ್ಮಣ್ಣ "ಹೂಂ" ಅಂದು ಗೋಣು ಹಾಕಿಬಿಡುತ್ತಿದ್ದ. ಆ ಒಂದು ಹೂಂ ಐದು ವರ್ಷ ಅವನ ಮಾನ ಕಾಪಾಡಿಕೊಂಡು ಬಂದಿತ್ತು.

ಕಾಪಾಡಲೇಬೇಕಿತ್ತು. ಅವನು ಜಾಬರ, ಅಂದರೆ ಕೆಟ್ಟ ಮಗ್ಗ ರಿಪೇರಿ ಮಾಡುವವನು. ಮಗ್ಗದ ಸಪ್ಪಳ ಕೇಳಿ ಅದರ ರೋಗ ಹೇಳುವವನೇ ಜಾಬರ. ತಮ್ಮಣ್ಣನಂಥ ಕಿವಿ ಇಡೀ ಇಚಲಕರಂಜಿಯಲ್ಲಿ ಇಲ್ಲವೆಂದು ಮಾಲಕ ಆಬಾಸಾಹೇಬ ಕಂಡಕಂಡವರ ಮುಂದೆ ಹೊಗಳುತ್ತಿದ್ದರು. ಈಗ ಅವನು ರೋಗ ಹಿಡಿಯುತ್ತಿದ್ದುದು ಮಗ್ಗದ ಚೌಕಟ್ಟಿಗೆ ಅಂಗೈ ಆನಿಸಿ. ಕೆಲಸ ಒಂದಿಷ್ಟೂ ಕೆಟ್ಟಿರಲಿಲ್ಲ. ಆದರೆ ಕಿವುಡ ಜಾಬರನೆಂದು ಗೊತ್ತಾದ ಮೇಲೆ ಯಾವ ಮಾಲಕ ಇಟ್ಟುಕೊಂಡಾನು ಎಂಬ ಹೆದರಿಕೆ ಅವನ ಹೊಟ್ಟೆಯೊಳಗೆ ಕೂತುಬಿಟ್ಟಿತ್ತು.

ಯಾರೋ ಭುಜ ಅಲುಗಿಸಿದರು. ಕಣ್ಣು ಬಿಟ್ಟರೆ ಮಗಳು ವೃಷಾಲಿ, ಎಂಟನೆಯ ಇಯತ್ತೆಯವಳು, ಎದುರಿಗೆ ಕೂತಿದ್ದಳು. ಅವಳ ತೊಡೆಯ ಮೇಲೆ ಸಾಲೆಯ ಟ್ಯಾಬು. ಅದಕ್ಕೊಂದು ವೈರು, ವೈರಿನ ತುದಿಗೆ ಬೆಂಕಿಪೊಟ್ಟಣದಷ್ಟು ದೊಡ್ಡ, ಸಪ್ಪಳ ಅಳೆಯುವ ಸೆನ್ಸರು.

ಈ ಸೆನ್ಸರು ಮನೆಗೆ ಬಂದು ಒಂದು ವಾರ. ವಿಜ್ಞಾನ ಕಲಿಸುವ ಅವಿನಾಶ ಸರ್ ಪುಸ್ತಕ ಮುಚ್ಚಿಸಿ, ಮಕ್ಕಳ ಕೈಗೆ ಇವನ್ನು ಕೊಟ್ಟು, ಊರೆಲ್ಲ ಅಳೆದುಕೊಂಡು ಬರ್ರಿ ಅಂದಿದ್ದರು. ವೃಷಾಲಿ ಬಿಟ್ಟಾಳೆಯೇ? ಅಜ್ಜಿಯ ಗೊರಕೆ, ಕೊಡಕ್ಕೆ ಬೀಳುವ ನೀರು, ಬಾಡಿಗೆ ರಿಕ್ಷಾ, ಒಂದನ್ನೂ ಬಿಡದೆ ಅಳೆದಳು. ಶೆಡ್ಡಿನ ಬಾಗಿಲಲ್ಲಿ ಹಿಡಿದಾಗ ಟ್ಯಾಬಿನ ಗೆರೆ ನೆಗೆದು ತೊಂಬತ್ತೆಂಟು ಡೆಸಿಬಲ್ ಮುಟ್ಟಿತ್ತು. ಈಗ ಉಳಿದದ್ದು ಕಡೆಯ ಪ್ರಯೋಗ: ಮನೆಯವರಲ್ಲಿ ಯಾರಿಗೆ ಎಷ್ಟು ಸಣ್ಣ ಸಪ್ಪಳ ಕೇಳಿಸುತ್ತದೆ? ಗುರುವಾರ ಈ ಅಳತೆ ಬರೆದ ಕಾಗದಗಳೆಲ್ಲ ಕೊಲ್ಲಾಪುರದ ವಿಜ್ಞಾನ ಪ್ರದರ್ಶನಕ್ಕೆ ಹೋಗುವವಿದ್ದವು. ನೋಡಲು ಬರುವವರಲ್ಲಿ ಮಗ್ಗದ ಮಾಲಕರೂ ಇದ್ದರು.

"ಕರೆಂಟ ಬರೂದ್ರಾಗ ಮುಗಸ್ಬೇಕಪ್ಪಾ. ಆಯಿದು ಆತು, ಅವ್ವಂದು ಆತು. ಈಗ ನಿಂದು," ಅಂದಳು ವೃಷಾಲಿ. "ಸಪ್ಪಳ ಕೇಳಿಸ್ತಂದ್ರ ಬೆರಳ ಎತ್ತು. ಇಲ್ಲಂದ್ರ ಸುಮ್ಕ ಕೂಡು."

ತಮ್ಮಣ್ಣ ಹೊರಗಿನ ಕಡೆ ನೋಡಿದ. ನೆವ ಹೇಳಿ ಏಳೋಣವೆಂದರೆ ಬಾಗಿಲಲ್ಲಿ ಹೌಸಾಬಾಯಿ ಕಾಲು ಚಾಚಿಕೊಂಡು ಕೂತು ತಮಾಷೆ ನೋಡುತ್ತಿದ್ದಳು. ಸರಿ, ಕೂತ. ಮಗಳು ಸೆನ್ಸರನ್ನು ಅವನ ಕಿವಿಯ ಪಕ್ಕ ಹಿಡಿದು ಟ್ಯಾಬಿನ ಮೇಲೆ ಬೆರಳು ಒತ್ತಿ ಸಪ್ಪಳ ಹೊರಡಿಸಿದಳು. ಅವನಿಗೇನೂ ಕೇಳಿಸಲಿಲ್ಲ. ಆದರೆ ಒತ್ತುವಾಗ ಅವಳ ಎಡ ಹುಬ್ಬು ಕೂದಲೆಳೆಯಷ್ಟು ಮೇಲೇಳುವುದು ಕಾಣಿಸಿತು. ಜಾಬರನ ಕಣ್ಣಿಗೆ ಅಷ್ಟು ಸಾಕು. ಹುಬ್ಬು ಎದ್ದಿತು, ಬೆರಳು ಎತ್ತಿದ. ಮತ್ತೆ ಎದ್ದಿತು, ಮತ್ತೆ ಎತ್ತಿದ. ಹತ್ತು ಸಲವೂ ತಪ್ಪಲಿಲ್ಲ.

"ನನ್ನ ಮಗನ ಕಿವಿ ಅಂದ್ರ ಏನಂತ ತಿಳದೀ?" ಅಂದಳು ಹೌಸಾಬಾಯಿ.

ತಮ್ಮಣ್ಣ ಗೆದ್ದೆನೆಂದು ಮೀಸೆಯೊಳಗೇ ನಕ್ಕ. ವೃಷಾಲಿ ನಗಲಿಲ್ಲ. ಟ್ಯಾಬನ್ನು ಇನ್ನೊಮ್ಮೆ ನೋಡಿದಳು. ಆಮೇಲೆ ವಹಿಯಲ್ಲಿ ಏನೋ ಬರೆದು, ಅದನ್ನು ಅಲ್ಲೇ ಬಿಟ್ಟು, ಟ್ಯಾಬು ಹಿಡಿದು ಹೊರಗಿನ ಕಟ್ಟೆಗೆ ಹೋದಳು.

ತಮ್ಮಣ್ಣ ವಹಿ ಎತ್ತಿಕೊಂಡ. ಕೇಳಿಸಿದ ಅತಿ ಸಣ್ಣ ಸಪ್ಪಳ ಆಯಿ ಹೌಸಾಬಾಯಿಗೆ ಐವತ್ತೆರಡು ಡೆಸಿಬಲ್, ಅವ್ವನಿಗೆ ನಲವತ್ತು. ಅವನ ಹೆಸರಿನ ಮುಂದೆ ಅಂಕಿ ಇರಲಿಲ್ಲ. "ಖಾಲಿ ಕಾಂಡಿ ನಾಲ್ಕು, ನಾಲ್ಕಕ್ಕೂ ಬೆರಳು ಎತ್ತಿದ್ದಾರೆ" ಎಂದಿತ್ತು.

ಕಾಂಡಿಯೆಂದರೆ ಲಾಳಿಯೊಳಗಿನ ನೂಲಿನ ಸುರುಳಿ. ಕಾಂಡಿ ಖಾಲಿಯಾದರೂ ಲಾಳಿ ಓಡುತ್ತಲೇ ಇರುತ್ತದೆ. ಸಪ್ಪಳವೂ ಅದೇ, ಗಡಿಬಿಡಿಯೂ ಅದೇ, ಅರಿವೆ ಮಾತ್ರ ಒಂದೆಳೆಯೂ ಬೆಳೆಯುವುದಿಲ್ಲ. ನಡುನಡುವೆ ಸಪ್ಪಳ ಹೊರಡಿಸದೆ ಬರಿದೇ ಒತ್ತಿರಿ, ಆಗ ಊಹೆ ಮಾಡುವವರು ಸಿಕ್ಕಿಬೀಳುತ್ತಾರೆ ಎಂದು ಸರ್ ಕಲಿಸಿದ್ದರು. ಆ ಸುಳ್ಳು ಒತ್ತಿಗೆ ಖಾಲಿ ಕಾಂಡಿಯೆಂದು ಹೆಸರಿಟ್ಟವಳು ವೃಷಾಲಿಯೇ. ಇಡೀ ವರ್ಗ ಅದನ್ನೇ ಹಿಡಿದುಕೊಂಡಿದೆಯೆಂದು ಅವಳು ಮೊನ್ನೆ ಊಟಕ್ಕೆ ಕೂತಾಗ ಹೇಳಿದ್ದಳು. ಅಪರೂಪಕ್ಕೆ ಬಾಯಿಬಿಟ್ಟು ಹೇಳಿದ ಮಾತು ಅದು. ವರ್ಷದಿಂದೀಚೆ ಹುಡುಗಿ ಅವನೊಡನೆ ಅಷ್ಟಕ್ಕಷ್ಟೇ. ದೊಡ್ಡವಳಾದಳು, ನಾಚಿಕೆ ಬಂದಿದೆ ಎಂದು ಅವನು ತನ್ನಷ್ಟಕ್ಕೇ ತಿಳಿದುಕೊಂಡಿದ್ದ.

ವಹಿ ಹಿಡಿದು ಕಟ್ಟೆಗೆ ಹೋಗಿ ಅವಳ ಪಕ್ಕ ಕೂತ. ಮಗ್ಗ ನಿಂತ ಓಣಿ ಬಿಸಿಲಿನಲ್ಲಿ ನಿದ್ದೆಗಣ್ಣಿನಿಂದ ಬಿದ್ದುಕೊಂಡಿತ್ತು.

"ಇದನ್ನ ಅಳಸವ್ವಾ," ಅಂದ.

"ಅಳಿಸಿದ್ರ ಸರ್‌ಗೆ ಏನ ಹೇಳ್ಲಿ?"

"ಅಪ್ಪ ಮನ್ಯಾಗ ಇರ್ಲಿಲ್ಲ ಅನ್ನು."

ವೃಷಾಲಿ ಎದ್ದು ಒಳಗೆ ಹೋದಳು. ಕಂಪಾಸಪೆಟ್ಟಿಗೆ ತಂದು, ರಬ್ಬರು ತೆಗೆದು, ಅಳಿಸತೊಡಗಿದಳು. ಮೊದಲು ಖಾಲಿ ಕಾಂಡಿ ಹೋಯಿತು. ಆಮೇಲೆ ಅವನ ಹೆಸರಿಗೆ ಬಂದಳು. ಣ್ಣ ಹೋಯಿತು, ಮ್ಮ ಹೋಯಿತು. ಮೇಲೆ ಆಯಿ ಇದ್ದಳು, ಅವ್ವ ಇದ್ದಳು, ಕೆಳಗೆ ಒಂದು ಒಂಟಿ 'ತ' ಉಳಿದಿತ್ತು. ಮನೆಯಲ್ಲಿ ಇರಲಿಲ್ಲವೆಂದು ಅವನೇ ಹೇಳಿಕೊಟ್ಟ ಸುಳ್ಳು ಕಣ್ಣೆದುರಿಗೇ ಖರೆಯಾಗುತ್ತಿತ್ತು. ಅವನು ಅವಳ ಕೈ ಹಿಡಿದ.

"ತಡಿ. ಮತ್ತೊಮ್ಮೆ ಮಾಡೂಣು. ಈ ಸಲ ಕಣ್ಣ ಮುಚ್ಚಿ ಕೂಡ್ತೀನಿ."

ಕಣ್ಣು ಮುಚ್ಚಿದ ಮೇಲೆ ಹುಬ್ಬೂ ಇಲ್ಲ, ತುಟಿಯೂ ಇಲ್ಲ. ಐದು ವರ್ಷದಲ್ಲಿ ಅವನು ಹೀಗೆ ಯಾರ ಮುಂದೆಯೂ ಬರಿಗೈಯಲ್ಲಿ ಕೂತಿರಲಿಲ್ಲ. ಕತ್ತಲಲ್ಲಿ ಮೊದಲು ಕೇಳಿದ್ದು ತಮ್ಮೂರು ರಬಕವಿಯ ಹಳೆಯ ಮನೆಯಲ್ಲಿ ತಾಯಿ ರೊಟ್ಟಿ ಬಡಿಯುವ ಸಪ್ಪಳ. ಬೆರಳು ಏಳಲು ಹೋಯಿತು. ಇದು ನನ್ನೊಳಗಿನದು ಎಂದು ತಡೆದ. ಆಮೇಲೆ ತೊಟ್ಟಿಲ ಸರಪಳಿ ಕಿರುಗುಟ್ಟಿತು, ತೊಟ್ಟಿಲೊಳಗೆ ಕೂಸು ವೃಷಾಲಿ ಬಿಕ್ಕಿದಳು. ಎಷ್ಟು ಸ್ಪಷ್ಟ! ಅದನ್ನೂ ಹೋಗಗೊಟ್ಟ. ಹೊಳೆಯ ದಂಡೆ, ಒದ್ದೆ ನೂಲು ಹಿಂಡುವ ಹೆಂಗಸರು, ಅವರ ನಗು, ಒಂದೊಂದಾಗಿ ಬಂದು ಅವನ ಕಿವಿ ಸವರಿ ಹೋದವು. ಮಗಳು ಸಪ್ಪಳ ಏರಿಸುತ್ತ ಎಷ್ಟು ಸಲ ಒತ್ತಿದಳೋ ಅವನಿಗೆ ಲೆಕ್ಕವಿರಲಿಲ್ಲ. ಆಗ ಬಹಳ ದೂರದಿಂದ ಒಂದು ಸಪ್ಪಳ ಬಂತು. ಅದು ಅವನ ನೆನಪಿನದಲ್ಲ, ಯಾವ ಊರಿನದೂ ಅಲ್ಲ, ಬೆಳ್ಳಗೆ, ಒಂದೇ ಸಮ. ತಮ್ಮಣ್ಣ ಬೆರಳು ಎತ್ತಿದ.

ಕಣ್ಣು ಬಿಟ್ಟಾಗ ಬಾಗಿಲಲ್ಲಿ ಹೌಸಾಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಅಷ್ಟು ದೂರ ನಿಂತವಳಿಗೂ ಆ ಸಪ್ಪಳ ಯಾವಾಗಲೋ ಕೇಳಿಸಿತ್ತು. ವೃಷಾಲಿ ಟ್ಯಾಬು ತಿರುಗಿಸಿ ತೋರಿಸಿದಳು. ಎಪ್ಪತ್ನಾಲ್ಕು.

"ಬರಿ," ಅಂದ ತಮ್ಮಣ್ಣ. "ಪೂರಾ ಹೆಸರ ಬರಿ. ಕೊಲ್ಲಾಪುರದಾಗ ಯಾರರ ಓದಲಿ. ಆಬಾಸಾಹೇಬ್ರಿಗೆ ನಾಳಿ ಮುಂಜಾನೆ ನಾನs ಹೋಗಿ ಹೇಳ್ತೀನಿ. ಅಂಗೈಲೇ ಮಗ್ಗ ನೋಡ್ತೀನ್ರೀ ಅಂತೀನಿ. ಇಟ್ಟಗೊಂಡ್ರ ಇಟ್ಟಗೋತಾರ."

ವೃಷಾಲಿ ಬರೆದಳು. ಬರೆದು ಮುಗಿಸಿ ತಲೆ ಎತ್ತಿದಳು.

"ಹಂಗಾರ ಗಡಹಿಂಗ್ಲಜ ಬಸ್ ಸ್ಟ್ಯಾಂಡಿನ್ಯಾಗ ನಾ ಅಷ್ಟ ಕೂಗಿದ್ರೂ ನೀ ತಿರುಗಿ ನೋಡಲಾರದ ಹ್ವಾದದ್ದು..." ಅಂದಳು. "ನೀ ನನ್ನ ಮ್ಯಾಲ ಸಿಟ್ಟಾಗಿರ್ಲಿಲ್ಲ."

ತಮ್ಮಣ್ಣನಿಗೆ ಯಾವ ಸ್ಟ್ಯಾಂಡು, ಯಾವ ದಿನ, ಒಂದೂ ನೆನಪಿಗೆ ಬರಲಿಲ್ಲ. ಹೋದ ವರ್ಷ ತಂಗಿಯ ಮನೆಗೆ ಹೋದಾಗ ಇರಬೇಕು. ಎಷ್ಟು ಸಲ ಕೂಗಿತ್ತೋ ಕೂಸು. ಆವತ್ತಿನಿಂದ ಅಪ್ಪನ ಸಿಟ್ಟು ಇಳಿಯಲಿ ಎಂದು ಬಾಯಿ ಮುಚ್ಚಿಕೊಂಡು ಕಾದಿತ್ತಲ್ಲ. ಅವನ ಕಣ್ಣು ತುಂಬಿ ಬಂದು ಮಗಳ ಮುಖ ಕಲಸಿಹೋಯಿತು. ಅವಳು ಇನ್ನೂ ಏನೋ ಹೇಳುತ್ತಿದ್ದಳು. ನೀರು ತುಂಬಿದ ಕಣ್ಣಿಗೆ ತುಟಿ ಕಾಣಲಿಲ್ಲ. ಹೂಂ ಅನ್ನಲು ಬಾಯಿ ತೆರೆದವನು ತಡೆದುಕೊಂಡ.

"ನಂಗ ಕೇಳಿಸ್ಲಿಲ್ಲವ್ವಾ," ಅಂದ. "ಸನೇಕ ಬಂದು ಮತ್ತೊಮ್ಮೆ ಹೇಳು."